ನಮೀಬಿಯಾ ಪ್ರವಾಸ: ಹೋಗುವ ಮುಂಚೆ ಎಲ್ಲರೂ ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ನಾಲ್ವರು, ಎರಡು ಜೋಡಿ, ಒಂದು ಬಾಡಿಗೆ ಗಾಡಿ. ಹದಿನಾಲ್ಕು ದಿನದಲ್ಲಿ ಸುಮಾರು 3000 ಕಿ.ಮೀ. ಓಡಿಸಿದೆವು. ಬಂದಾಗಿನಿಂದ ನೆಂಟರು, ಆಫೀಸಿನವರು, ನೆಂಟರ ಆಫೀಸಿನವರು, ಎಲ್ಲರೂ ಫೋನ್ ಮಾಡಿ ಅವೇ ಪ್ರಶ್ನೆಗಳನ್ನು ಕೇಳುತ್ತಿದ್ದಾರೆ. ಪ್ರತಿ ಸಲ ಹೇಳುವ ಬದಲು ಒಂದು ಕಡೆ ಬರೆದಿಟ್ಟಿದ್ದೇನೆ.

ನಮೀಬಿಯಾ ಎಲ್ಲಿದೆ? ಅಲ್ಲಿ ನೋಡೋಕೆ ಏನಿದೆ?

ಆಫ್ರಿಕಾದ ನೈಋತ್ಯ ಮೂಲೆಯಲ್ಲಿದೆ. ಕೆಳಗೆ ದಕ್ಷಿಣ ಆಫ್ರಿಕಾ, ಮೇಲೆ ಅಂಗೋಲಾ, ಬಲಕ್ಕೆ ಬೋಟ್ಸ್ವಾನಾ, ಎಡಕ್ಕೆ ಅಟ್ಲಾಂಟಿಕ್ ಸಮುದ್ರ. ಕರ್ನಾಟಕದಂಥ ನಾಲ್ಕು ರಾಜ್ಯ ಹಿಡಿಸುವಷ್ಟು ದೊಡ್ಡ ದೇಶ. ಜನ ಮಾತ್ರ ಸುಮಾರು 30 ಲಕ್ಷ. ಅಂದರೆ ಬೆಂಗಳೂರಿನ ಒಂದು ತುಂಡನ್ನು ತೆಗೆದು ನಾಲ್ಕು ಕರ್ನಾಟಕದಲ್ಲಿ ಚೆಲ್ಲಿದ ಹಾಗೆ.

ಸಮುದ್ರದ ಉದ್ದಕ್ಕೂ ನಮೀಬ್ ಮರುಭೂಮಿ. ಜಗತ್ತಿನ ತೀರಾ ಹಳೆಯ ಮರುಭೂಮಿಗಳಲ್ಲಿ ಇದೂ ಒಂದು. ದೇಶಕ್ಕೆ ಹೆಸರು ಬಂದದ್ದೂ ಅದರಿಂದಲೇ. ಪೂರ್ವಕ್ಕೆ ಕಲಹರಿ. ನಡುವೆ ಕಲ್ಲು, ಗುಡ್ಡ, ಒಣಹುಲ್ಲು, ಅಲ್ಲಲ್ಲಿ ಒಣಗಿದ ಹೊಳೆ. 'ಬರೀ ಮರಳು ನೋಡೋಕೆ ಅಷ್ಟು ದೂರ ಹೋಗಬೇಕಾ?' ಅಂತ ನಮ್ಮತ್ತೆ ಕೇಳಿದ್ದರು. ಬರೀ ಮರಳಲ್ಲ. ಆನೆ, ಸಿಂಹ, ಘೇಂಡಾಮೃಗ, ಸೀಲ್, ಫ್ಲೆಮಿಂಗೋ ಎಲ್ಲವೂ ಅದೇ ಒಣ ದೇಶದಲ್ಲಿವೆ. ಇಷ್ಟು ಕಮ್ಮಿ ನೀರಿನಲ್ಲಿ ಅವು ಹೇಗೆ ಬದುಕುತ್ತವೆ ಅನ್ನುವುದನ್ನು ನೋಡುವುದೇ ಈ ಪ್ರವಾಸದ ಅರ್ಧ ಮಜಾ.

ಎಷ್ಟು ದಿನ ಬೇಕು?

ಹನ್ನೆರಡು ದಿನಕ್ಕಿಂತ ಕಡಿಮೆ ಇದ್ದರೆ ಹೋಗಬೇಡಿ ಅಂತಲೇ ಹೇಳುತ್ತೇನೆ. ನಕ್ಷೆ ನೋಡಿದರೆ ಎಲ್ಲವೂ ಹತ್ತಿರ ಕಾಣುತ್ತದೆ. ರಸ್ತೆಗೆ ಇಳಿದ ಮೇಲೆ ಗೊತ್ತಾಗುತ್ತದೆ. ರಾಜಧಾನಿ ವಿಂಡ್‌ಹುಕ್‌ನಿಂದ ಮರಳು ದಿಬ್ಬಗಳ ಬಾಗಿಲಾದ ಸೆಸ್ರಿಯೆಮ್‌ಗೆ ಸುಮಾರು 350 ಕಿ.ಮೀ. ಬೆಂಗಳೂರಿಂದ ಮಂಗಳೂರಿನ ಲೆಕ್ಕ. ಆದರೆ ಹೆಚ್ಚಿನ ಭಾಗ ಜಲ್ಲಿ ರಸ್ತೆ, ಐದು ಗಂಟೆ ಬೇಕು. ಅಲ್ಲಿಂದ ಸಮುದ್ರದ ಊರು ಸ್ವಾಕೊಪ್ಮಂಡ್‌ಗೆ ಇನ್ನೊಂದು ಪೂರ್ತಿ ದಿನ. ಅಲ್ಲಿಂದ ಹಳೆಯ ಬಂಡೆ ಕೆತ್ತನೆಗಳಿರುವ ಟ್ವೈಫೆಲ್‌ಫಾಂಟೇನ್‌ಗೆ ಒಂದು ದಿನ, ಪ್ರಾಣಿಗಳ ಪಾರ್ಕು ಎಟೋಶಾಗೆ ಮತ್ತೊಂದು ದಿನ.

ನಾವು ಹೋದ ದಾರಿ ಹೀಗಿತ್ತು: ವಿಂಡ್‌ಹುಕ್, ಸೆಸ್ರಿಯೆಮ್, ಸ್ವಾಕೊಪ್ಮಂಡ್, ಸ್ಪಿಟ್ಸ್‌ಕೊಪ್ಪೆ, ಟ್ವೈಫೆಲ್‌ಫಾಂಟೇನ್, ಎಟೋಶಾ, ಮತ್ತೆ ವಿಂಡ್‌ಹುಕ್. ದಕ್ಷಿಣದ ಫಿಶ್ ರಿವರ್ ಕಣಿವೆ ಬಿಟ್ಟೆವು. ಸುಮಾರು 160 ಕಿ.ಮೀ. ಉದ್ದದ ಕಣಿವೆ ಅದು, ಬಿಟ್ಟಿದ್ದಕ್ಕೆ ಬೇಜಾರಿದೆ. ಆದರೆ ಅದನ್ನೂ ತುರುಕಿದ್ದರೆ ಉಳಿದಿದ್ದೆಲ್ಲ ಕಾರಿನ ಕಿಟಕಿಯಿಂದಲೇ ನೋಡಿ ಮುಗಿಯುತ್ತಿತ್ತು. ಎಲ್ಲ ಕಡೆ ಒಂದೊಂದು ರಾತ್ರಿ ಇರುವ ಪ್ಲಾನ್ ಮಾಡಬೇಡಿ. ಎರಡು ರಾತ್ರಿ ಇರಿ. ಎಟೋಶಾದಲ್ಲಿ ಮೂರು.

ಯಾವ ತಿಂಗಳು ಒಳ್ಳೆಯದು?

ಪ್ರಾಣಿಗಳಿಗಾಗಿ ಹೋಗುವವರಿಗೆ ಜೂನ್‌ನಿಂದ ಅಕ್ಟೋಬರ್. ಮಳೆ ಇಲ್ಲ, ಹಳ್ಳಕೊಳ್ಳ ಒಣಗಿರುತ್ತವೆ, ಎಲ್ಲ ಪ್ರಾಣಿಗಳೂ ಉಳಿದಿರುವ ನೀರಿಗೆ ಬರಲೇಬೇಕು. ನೀವು ಸುಮ್ನೆ ನೀರಿನ ಹತ್ತಿರ ಕಾದರೆ ಸಾಕು. ದಸರಾ ರಜೆಗೆ ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಪ್ರಾಣಿ ಚೆನ್ನಾಗಿ ಕಾಣುತ್ತವೆ, ಬಿಸಿಲೂ ಚೆನ್ನಾಗಿಯೇ ಬೀಳುತ್ತದೆ. ಏಪ್ರಿಲ್-ಮೇ ರಜೆಯಲ್ಲಿ ಹವೆ ಹಿತ, ಹುಲ್ಲು ಹಸಿರು. ಆದರೆ ನೀರು ಎಲ್ಲೆಡೆ ಸಿಗುವುದರಿಂದ ಪ್ರಾಣಿಗಳು ಚದುರಿರುತ್ತವೆ.

ನಾವು ಜುಲೈನಲ್ಲಿ ಹೋಗಿದ್ದು. ಅಲ್ಲಿ ಅದು ಚಳಿಗಾಲ. 'ಆಫ್ರಿಕಾ ಅಲ್ವಾ, ಮರುಭೂಮಿ ಅಲ್ವಾ' ಅಂತ ನಮ್ಮ ಜೊತೆಗಿದ್ದವರು ಬರೀ ಕಾಟನ್ ಅಂಗಿ ತುಂಬಿಕೊಂಡು ಬಂದಿದ್ದರು. ಸೆಸ್ರಿಯೆಮ್‌ನಲ್ಲಿ ಬೆಳಗಿನ ಜಾವ ನೀರಿನ ಬಾಟಲಿಯ ಮೇಲೆ ಕೈಯಿಟ್ಟರೆ ಬೆರಳು ಮರಗಟ್ಟುವಂತಿತ್ತು. ಮಧ್ಯಾಹ್ನ ಅದೇ ಜಾಗದಲ್ಲಿ ಟೋಪಿ ಇಲ್ಲದೆ ನಿಲ್ಲಲು ಆಗುತ್ತಿರಲಿಲ್ಲ. ಉಣ್ಣೆ ಟೋಪಿ, ದಪ್ಪ ಜಾಕೆಟ್ಟು, ಒಳಗೊಂದು ಸ್ವೆಟರು. ಇವು ಬೇಕೇ ಬೇಕು.

ವೀಸಾ, ಲಸಿಕೆ, ವಿಮಾನ?

2025ರ ಏಪ್ರಿಲ್ 1ರಿಂದ ನಮೀಬಿಯಾ ತನ್ನ ವೀಸಾ ನಿಯಮಗಳನ್ನು ಬದಲಿಸಿದೆ. ಆದ್ದರಿಂದ ಹಳೆಯ ವೀಡಿಯೋ ನೋಡಿಕೊಂಡು ಹೊರಡಬೇಡಿ. ಅಲ್ಲಿನ ಸರ್ಕಾರದ ವೆಬ್‌ಸೈಟ್ ನೋಡಿ, ಅನುಮಾನ ಇದ್ದರೆ ದೆಹಲಿಯಲ್ಲಿರುವ ಹೈಕಮಿಷನ್ ಕೇಳಿ. ಮಕ್ಕಳು ಜೊತೆಗಿದ್ದರೆ ಜನನ ಪ್ರಮಾಣಪತ್ರ ಇಟ್ಟುಕೊಳ್ಳಿ.

ನೇರ ವಿಮಾನ ಇಲ್ಲ. ಅಡಿಸ್ ಅಬಾಬಾ ಅಥವಾ ಜೊಹಾನ್ಸ್‌ಬರ್ಗ್ ಮೂಲಕ ಹೋಗಬೇಕು. ಅಡಿಸ್ ಅಬಾಬಾದಲ್ಲಿ ತುಂಬಾ ಹೊತ್ತು ಕಾಯುವುದಿದ್ದರೆ, ಅಥವಾ ಊರು ನೋಡಲು ಹೊರಗೆ ಹೋಗುವುದಿದ್ದರೆ, ಹಳದಿ ಜ್ವರದ ಲಸಿಕೆಯ ಪುಸ್ತಕ ಕೇಳುತ್ತಾರೆ. ಹೋಗುವಾಗ ನಮೀಬಿಯಾದವರೂ ಕೇಳಬಹುದು, ಬರುವಾಗ ನಮ್ಮವರೂ ಕೇಳಬಹುದು. ಹೊರಡಲು ಕನಿಷ್ಠ 10 ದಿನ ಮುಂಚೆ ಹಾಕಿಸಿಕೊಂಡಿರಬೇಕು. ಒಂದು ಸಲ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ. ಎಟೋಶಾ ಮತ್ತು ಅದರಿಂದ ಉತ್ತರಕ್ಕೆ ಮಲೇರಿಯಾ ಇದೆ, ಮಳೆಗಾಲದಲ್ಲಿ ಜಾಸ್ತಿ. ಡಾಕ್ಟರ್ ಹತ್ತಿರ ಕೇಳಿ ಮಾತ್ರೆ ತಗೊಳ್ಳಿ.

ನಾವೇ ಗಾಡಿ ಓಡಿಸಬಹುದಾ? ಭಯ ಆಗಲ್ವಾ?

ಓಡಿಸಬಹುದು. ಓಡಿಸಲೇಬೇಕು ಅಂತೀನಿ. ಅಲ್ಲೂ ನಮ್ಮ ಹಾಗೇ ಎಡಗಡೆ. ಆರ್‌ಟಿಓ ಕಚೇರಿಯಲ್ಲಿ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಂಡು, ಜೊತೆಗೆ ನಮ್ಮ ಲೈಸೆನ್ಸನ್ನೂ ಇಟ್ಟುಕೊಳ್ಳಿ.

ಟ್ರಾಫಿಕ್ ಅನ್ನುವುದು ಇಲ್ಲವೇ ಇಲ್ಲ. ಕೆಲವು ರಸ್ತೆಗಳಲ್ಲಿ ಒಂದು ಗಂಟೆ ಓಡಿಸಿದರೂ ಎದುರಿಗೆ ಎರಡು ಗಾಡಿ ಬಂದರೆ ಹೆಚ್ಚು. ಅಪಾಯ ಇರುವುದು ಅಲ್ಲೇ. ರಸ್ತೆ ನೆಟ್ಟಗಿದೆ, ಯಾರೂ ಇಲ್ಲ, ಕಾಲು ತಾನಾಗಿ ಆಕ್ಸಿಲರೇಟರ್ ಒತ್ತುತ್ತದೆ. ಜಲ್ಲಿಯ ಮೇಲೆ 100ರಲ್ಲಿ ಹೋಗುವಾಗ ಸ್ವಲ್ಪ ಬ್ರೇಕ್ ಹಾಕಿದರೂ ಗಾಡಿ ಸಾಬೂನಿನ ಮೇಲೆ ಕಾಲಿಟ್ಟ ಹಾಗೆ ಜಾರುತ್ತದೆ. ವಿದೇಶಿಯರ ಅಪಘಾತ ಹೆಚ್ಚಾಗಿ ಆಗುವುದು ಹೀಗೆ, ಬೇರೆ ಗಾಡಿಗೆ ಗುದ್ದಿ ಅಲ್ಲ, ತಾವೇ ಪಲ್ಟಿಯಾಗಿ. ಜಲ್ಲಿಯಲ್ಲಿ 80 ದಾಟಬೇಡಿ. ತಿರುವಿನಲ್ಲಿ ಇನ್ನೂ ಕಡಿಮೆ. ಟೈರಿನ ಗಾಳಿ ಸ್ವಲ್ಪ ಇಳಿಸಿ. ಎಷ್ಟು ಅನ್ನುವುದನ್ನು ಗಾಡಿ ಕೊಡುವವರೇ ಹೇಳುತ್ತಾರೆ. ಕತ್ತಲಾದ ಮೇಲೆ ಓಡಿಸಲೇಬೇಡಿ. ಕುಡು ಅಂತ ಒಂದು ದೊಡ್ಡ ಕೊಂಬಿನ ಜಿಂಕೆ ಇದೆ, ಹೆಡ್‌ಲೈಟಿಗೆ ಬೆದರಿ ನೇರವಾಗಿ ಗಾಡಿಯ ಮೇಲೆಯೇ ಹಾರುತ್ತದೆ.

ಪೆಟ್ರೋಲ್ ಬಂಕ್ ಕಂಡಾಗಲೆಲ್ಲ ತುಂಬಿಸಿ. ಟ್ಯಾಂಕು ಅರ್ಧ ಇದೆ, ಮುಂದೆ ನೋಡೋಣ ಅನ್ನುವ ಮಾತು ಅಲ್ಲಿ ನಡೆಯಲ್ಲ. ಎರಡು ಸ್ಟೆಪ್ನಿ ಇರುವ ಗಾಡಿಯನ್ನೇ ಕೇಳಿ ತಗೊಳ್ಳಿ.

ನಮ್ಮ ಟೈರ್ ಒಡೆದದ್ದು ಟ್ವೈಫೆಲ್‌ಫಾಂಟೇನ್ ದಾರಿಯಲ್ಲಿ, ಮೂರನೇ ಗಂಟೆಯಲ್ಲಿ. ಫೋನಿಗೆ ಸಿಗ್ನಲ್ ಇಲ್ಲ. ಜಾಕ್ ಇಡೋಣ ಅಂದರೆ ಕೆಳಗೆ ಸಡಿಲ ಮಣ್ಣು, ಗಾಡಿ ಏಳುವ ಬದಲು ಜಾಕೇ ಇಳಿಯುತ್ತಿದೆ. ಅರ್ಧ ಗಂಟೆ ಬೆವರು ಸುರಿಸಿದ ಮೇಲೆ ದೂರದಲ್ಲಿ ಧೂಳೆದ್ದಿತು. ಒಬ್ಬ ರೈತ, ಹಿಂದೆ ಮೂರು ಮೇಕೆ ತುಂಬಿದ ಪಿಕಪ್. ಇಳಿದು ಬಂದವನು ಏನೂ ಕೇಳಲಿಲ್ಲ. ತನ್ನ ಗಾಡಿಯಿಂದ ಒಂದು ಹಲಗೆ ತಂದು ಜಾಕಿನ ಕೆಳಗಿಟ್ಟ. ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ದುಡ್ಡು ಕೊಡಲು ಹೋದರೆ ಬೇಡ ಎಂದು ತಲೆ ಅಲ್ಲಾಡಿಸಿ, ನಮ್ಮ ನೀರಿನ ಕ್ಯಾನು ಬಗ್ಗಿಸಿ ನೋಡಿದ. ಅರ್ಧಕ್ಕಿಂತ ಕಮ್ಮಿ ಇತ್ತು. ಅವನದರಿಂದ ಐದು ಲೀಟರ್ ಸುರಿದು ಹೊರಟೇಹೋದ. ಅವತ್ತಿನಿಂದ ನಾವು ಒಂದು ಹಲಗೆಯನ್ನೂ, ತಲೆಗೆ ದಿನಕ್ಕೆ ಐದು ಲೀಟರ್ ನೀರನ್ನೂ ಗಾಡಿಯಲ್ಲಿ ಇಟ್ಟುಕೊಂಡೇ ಓಡಾಡಿದೆವು. ನೀವು ಮೊದಲ ದಿನದಿಂದಲೇ ಇಟ್ಟುಕೊಳ್ಳಿ.

ಆ ಕೆಂಪು ಮರಳು, ಸತ್ತ ಮರಗಳ ಫೋಟೋ ಎಲ್ಲಿಯದು?

ಅದು ಡೆಡ್‌ವ್ಲೇ. ಸೊಸುಸ್‌ವ್ಲೇ ಪಕ್ಕದಲ್ಲಿದೆ. 'ವ್ಲೇ' ಅಂದರೆ ನೀರು ನಿಂತು ಒಣಗುವ ತಗ್ಗು. ಒಂದು ಕಾಲದಲ್ಲಿ ತ್ಸೌಚಾಬ್ ಅನ್ನುವ ಹೊಳೆ ಇಲ್ಲಿಗೆ ಬಂದು ನಿಲ್ಲುತ್ತಿತ್ತು. ಮರ ಬೆಳೆದವು. ನಮ್ಮ ಜಾಲಿಯ ಬಳಗದ ಮರಗಳೇ ಅವು. ಆಮೇಲೆ ಮರಳು ದಿಬ್ಬಗಳು ಸರಿದು ಬಂದು ಹೊಳೆಗೆ ಅಡ್ಡ ಕುಳಿತವು. ನೀರು ನಿಂತುಹೋಯಿತು. ಮರ ಸತ್ತು ಆರೇಳುನೂರು ವರ್ಷ ಆಗಿದೆ ಅಂತಾರೆ. ಗಾಳಿ ಎಷ್ಟು ಒಣದು ಅಂದರೆ ಕೊಳೆಯಲೂ ಇಲ್ಲ, ಗೆದ್ದಲೂ ಹಿಡಿಯಲಿಲ್ಲ. ಬಿಸಿಲಿಗೆ ಕರ್ರಗಾಗಿ ನಿಂತಲ್ಲೇ ನಿಂತಿವೆ. ಕೆಳಗೆ ಬಿಳಿ ಮಣ್ಣು, ಸುತ್ತ ಕೆಂಪು ದಿಬ್ಬ, ಮೇಲೆ ನೀಲಿ.

ಸೆಸ್ರಿಯೆಮ್‌ನಲ್ಲಿರುವ ಪಾರ್ಕಿನ ಗೇಟಿನಿಂದ ಸುಮಾರು 60 ಕಿ.ಮೀ. ಒಳ್ಳೆ ಡಾಂಬರು ರಸ್ತೆ. ಕೊನೆಯ ಐದು ಕಿ.ಮೀ. ಪೂರ್ತಿ ಮರಳು, ನಾಲ್ಕೂ ಚಕ್ರ ಎಳೆಯುವ ಗಾಡಿಯೇ ಬೇಕು. ಅಭ್ಯಾಸ ಇಲ್ಲದಿದ್ದರೆ ಅಲ್ಲೇ ಶಟಲ್ ಜೀಪ್ ಸಿಗುತ್ತದೆ, ಹತ್ತಿ. ನಾವು ಹೋದಾಗ ಮೂರು ಗಾಡಿ ಆಕ್ಸಲ್‌ವರೆಗೆ ಹೂತು ನಿಂತಿದ್ದವು. ಇಳಿದ ಮೇಲೆ ಒಂದು ಕಿ.ಮೀ. ಚಿಲ್ಲರೆ ನಡಿಗೆ.

ಉಳಿಯುವ ಜಾಗದ ಬಗ್ಗೆ ಒಂದು ಮಾತು. ಪಾರ್ಕಿನ ಒಳಗಿನ ಕ್ಯಾಂಪಿನಲ್ಲಿ ಉಳಿದವರಿಗೆ ಸೂರ್ಯ ಹುಟ್ಟುವ ಒಂದು ಗಂಟೆ ಮುಂಚೆ ಒಳಗಿನ ಗೇಟು ತೆಗೆಯುತ್ತಾರೆ. ಹೊರಗೆ ಉಳಿದವರಿಗೆ ಸೂರ್ಯ ಹುಟ್ಟಿದ ಮೇಲೆ. ಆ ಒಂದು ಗಂಟೆಗೋಸ್ಕರ ಒಳಗೇ ಉಳಿಯಿರಿ, ಸೌಕರ್ಯ ಸ್ವಲ್ಪ ಕಮ್ಮಿಯಾದರೂ ಪರವಾಗಿಲ್ಲ. ಗೇಟಿನಿಂದ 45ನೇ ಕಿ.ಮೀ.ನಲ್ಲಿ ಒಂದು ದಿಬ್ಬ ಇದೆ, ಅದರ ಹೆಸರೇ ಡ್ಯೂನ್ 45. ಹೆಸರಿಡಲು ಜಾಸ್ತಿ ತಲೆ ಕೆಡಿಸಿಕೊಂಡಿಲ್ಲ ನೋಡಿ. ಅದರ ನೆತ್ತಿಯ ಏಣಿನ ಮೇಲೆ ಕೂತಾಗ ಒಂದು ಕಡೆ ಮಾತ್ರ ಬಿಸಿಲು ಬಿದ್ದು, ಇನ್ನೊಂದು ಕಡೆ ಕಪ್ಪಗೆ ಇರುತ್ತದೆ. ಅರ್ಧ ಗಂಟೆಯಲ್ಲಿ ಆ ಗೆರೆ ಮಾಯ. ಡೆಡ್‌ವ್ಲೇ ಪಕ್ಕದ ಬಿಗ್ ಡ್ಯಾಡಿ 300 ಮೀಟರ್‌ಗೂ ಎತ್ತರ. ಹತ್ತಲು ಒಂದೂವರೆ ಗಂಟೆ, ಎರಡು ಹೆಜ್ಜೆ ಮೇಲಕ್ಕೆ ಇಟ್ಟರೆ ಒಂದು ಹೆಜ್ಜೆ ಕೆಳಕ್ಕೆ. ಇಳಿಯುವುದು ಐದೇ ನಿಮಿಷ, ಮಕ್ಕಳ ಹಾಗೆ ಓಡಿಕೊಂಡು.

ಮರುಭೂಮಿಯಲ್ಲಿ ಮಂಜು ಕವಿಯುತ್ತದಂತೆ, ನಿಜವಾ?

ನಿಜ. ಅಟ್ಲಾಂಟಿಕ್‌ನಲ್ಲಿ ದಕ್ಷಿಣದಿಂದ ಬೆಂಗ್ವೆಲಾ ಅನ್ನುವ ತಣ್ಣನೆಯ ಪ್ರವಾಹ ಹರಿಯುತ್ತದೆ. ಅದರ ಮೇಲಿನ ಗಾಳಿ ತಣ್ಣಗಾಗಿ ಮೋಡ ಮೇಲೇಳುವುದಿಲ್ಲ, ಮಳೆ ಆಗುವುದಿಲ್ಲ. ಬದಲಿಗೆ ಮಂಜಾಗಿ ನೆಲದ ಮೇಲೆ ಹರಿದು ಬರುತ್ತದೆ. ಮರುಭೂಮಿ ಆಗಿರುವುದಕ್ಕೂ ಅದೇ ಕಾರಣ, ಮರುಭೂಮಿಯಲ್ಲಿ ಜೀವ ಉಳಿದಿರುವುದಕ್ಕೂ ಅದೇ ಕಾರಣ.

ಸ್ವಾಕೊಪ್ಮಂಡ್‌ನಿಂದ ಬೆಳಗ್ಗೆ ಗೈಡ್ ಜೊತೆ ದಿಬ್ಬಗಳಿಗೆ ಹೋಗುವ ಅರ್ಧ ದಿನದ ಪ್ರವಾಸ ಇದೆ, ತಪ್ಪಿಸಬೇಡಿ. ನಮ್ಮ ಗೈಡ್ ಮರಳಿನ ಮೇಲಿದ್ದ ಹೊಲಿಗೆಯಂಥ ಗೆರೆ ಹಿಡಿದು ನಡೆದ. ಅದರ ಕೊನೆಯಲ್ಲಿ ಒಂದು ಕಪ್ಪು ಜೀರುಂಡೆ. ಮಂಜು ಕವಿದ ಬೆಳಗ್ಗೆ ಇದು ದಿಬ್ಬದ ನೆತ್ತಿಗೆ ಹತ್ತಿ, ಗಾಳಿಗೆ ಎದುರಾಗಿ, ತಲೆ ಕೆಳಗೆ ಮಾಡಿ ನಿಲ್ಲುತ್ತದೆ. ಬೆನ್ನ ಮೇಲೆ ಮಂಜು ಹನಿಗಟ್ಟಿ ಜಾರಿ ಬಾಯಿಗೆ ಬರುತ್ತದೆ. ಅಷ್ಟೇ ಅದರ ನೀರು. ಆಮೇಲೆ ಅಂಗೈಯಗಲದ ಮರಳು ಸರಿಸಿ ಒಂದು ಹಲ್ಲಿ ತೋರಿಸಿದ. ಮೈಯೆಲ್ಲ ಗುಲಾಬಿ, ಚರ್ಮ ಎಷ್ಟು ತೆಳು ಅಂದರೆ ಒಳಗಿನದು ಕಾಣುತ್ತದೆ. ಕಣ್ಣಿಗೆ ರೆಪ್ಪೆ ಇಲ್ಲ. ಮರಳು ಬಿದ್ದರೆ ತನ್ನ ನಾಲಿಗೆಯಿಂದಲೇ ಕಣ್ಣು ನೆಕ್ಕಿ ಒರೆಸಿಕೊಳ್ಳುತ್ತದೆ. ನಮ್ಮೆದುರೇ ಎರಡು ಸಲ ಒರೆಸಿಕೊಂಡಿತು.

ಅದೇ ಕಡೆ ವೆಲ್ವಿಚಿಯಾ ಅನ್ನುವ ಗಿಡವನ್ನೂ ನೋಡಿ. ನೋಡಲು ತೋಟದಲ್ಲಿ ಕಡಿದು ಹಾಕಿದ ಒಣ ಬಾಳೆ ಎಲೆಯ ರಾಶಿ ಇದ್ದ ಹಾಗಿದೆ. ಹುಟ್ಟಿದಾಗಿನಿಂದ ಸಾಯುವವರೆಗೆ ಅದಕ್ಕೆ ಎರಡೇ ಎಲೆ. ಗಾಳಿಗೆ ಸಿಗಿದು ಸಿಗಿದು ಹತ್ತಾರು ಎಲೆಯಂತೆ ಕಾಣುತ್ತದೆ ಅಷ್ಟೇ. ಕೆಲವಕ್ಕೆ ಸಾವಿರ ವರ್ಷಕ್ಕೂ ಜಾಸ್ತಿ ವಯಸ್ಸು. ದೇಶದ ಲಾಂಛನದಲ್ಲೂ ಇದೆ. ಹತ್ತಿರ ಹೋಗಿ ಬುಡದ ನೆಲ ತುಳಿಯಬೇಡಿ.

ಸಮುದ್ರದ ಕಡೆ ಮತ್ತೇನು?

ವಾಲ್ವಿಸ್ ಬೇ ಹಿನ್ನೀರಿನಲ್ಲಿ ಫ್ಲೆಮಿಂಗೋಗಳು. ಕೇಪ್ ಕ್ರಾಸ್‌ನಲ್ಲಿ ಸಾವಿರಾರು ಸೀಲ್‌ಗಳು. ಒಂದು ಕಿ.ಮೀ. ದೂರಕ್ಕೇ ಹೊಡೆಯುವ ನಾತಕ್ಕೆ ಕರವಸ್ತ್ರ ಇಟ್ಟುಕೊಳ್ಳಿ. ಹಿಂದಿನ ದಿನ ಮೀನು ತಿಂದವರು ಅವತ್ತು ಮೀನು ಮುಟ್ಟಲಿಲ್ಲ.

ಎಟೋಶಾದಲ್ಲಿ ಪ್ರಾಣಿ ಖಂಡಿತ ಕಾಣುತ್ತವಾ?

ಬಂಡೀಪುರ, ನಾಗರಹೊಳೆ ಸಫಾರಿಗೆ ಹೋಗಿ, ಎರಡು ಗಂಟೆ ಕೂತು, ಬರೀ ಜಿಂಕೆ ನೋಡಿ ಬಂದ ಅನುಭವ ನಮಗೆಲ್ಲ ಇದೆ, ಅಲ್ವಾ? ಎಟೋಶಾ ಬೇರೆಯೇ ಲೆಕ್ಕ. ಇಲ್ಲಿ ದಟ್ಟ ಕಾಡಿಲ್ಲ. ನಡುವೆ ಸುಮಾರು 4,800 ಚ.ಕಿ.ಮೀ. ಉಪ್ಪಿನ ಬಯಲು, ಬಾಹ್ಯಾಕಾಶದಿಂದಲೂ ಕಾಣುವಷ್ಟು ದೊಡ್ಡದು. ಅದರ ಅಂಚಿನಲ್ಲಿ ಹುಲ್ಲು, ಪೊದೆ, ನೀರಿನ ಹೊಂಡಗಳು. ನಿಮ್ಮದೇ ಗಾಡಿಯಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ಸುತ್ತಬಹುದು. ಗಾಡಿಯಿಂದ ಇಳಿಯುವಂತಿಲ್ಲ. ಸೂರ್ಯ ಮುಳುಗುವ ಮುಂಚೆ ಕ್ಯಾಂಪಿನೊಳಗೆ ಇರಬೇಕು.

ಸುತ್ತುವುದಕ್ಕಿಂತ ಕಾಯುವುದೇ ಲಾಭ. ಒಂದು ಹೊಂಡ ಆರಿಸಿಕೊಳ್ಳಿ, ಎಂಜಿನ್ ಆಫ್ ಮಾಡಿ, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಳ್ಳಿ. ಮೊದಲು ಝೀಬ್ರಾ ಸಾಲು ಬರುತ್ತದೆ. ಆಮೇಲೆ ಸ್ಪ್ರಿಂಗ್‌ಬಕ್ ಅನ್ನುವ ಜಿಂಕೆಗಳು. ಜಿರಾಫೆ ಬಂದು ದೂರದಲ್ಲೇ ನಿಂತು, ಕಾಲು ಗಂಟೆ ಎಲ್ಲ ಕಡೆ ನೋಡಿ, ಆಮೇಲೆ ಮುಂಗಾಲು ಅಗಲಿಸಿ ಬಗ್ಗುತ್ತದೆ. ಆನೆ ಹಿಂಡು ಬಂದರೆ ಉಳಿದವರೆಲ್ಲ ಜಾಗ ಬಿಡಬೇಕು.

ಒಕಾಕುಯೆಯೊ ಕ್ಯಾಂಪಿನ ಹೊಂಡಕ್ಕೆ ರಾತ್ರಿ ಪೂರ್ತಿ ದೀಪ ಹಾಕಿರುತ್ತಾರೆ. ಈಚೆ ಒಂದು ಗಿಡ್ಡ ಗೋಡೆ, ಬೆಂಚುಗಳು. ಮಾತಾಡುವಂತಿಲ್ಲ. ಒಂಬತ್ತೂವರೆಗೆ ಕತ್ತಲಿನಿಂದ ಕರಿ ಘೇಂಡಾಮೃಗ ಬಂತು. ಹಿಂದೆ ಅದರ ಮರಿ. ತಾಯಿ ನೀರಿಗೆ ಬಾಯಿಟ್ಟಾಗ ಹೀರುವ ಸದ್ದು ನಮ್ಮವರೆಗೆ ಕೇಳಿಸುತ್ತಿತ್ತು. ಆಚೆ ದಡದಿಂದ ಒಂದು ಗಂಡಾನೆ ಬಂದು ಕಿವಿ ಅಗಲಿಸಿತು. ತಾಯಿ ತಲೆಯೆತ್ತಿ, ಮರಿಯನ್ನು ಹಿಂದಕ್ಕೆ ಹಾಕಿಕೊಂಡು ಹಾಗೇ ನಿಂತಳು. ಇಬ್ಬರೂ ಅಲ್ಲಾಡಲಿಲ್ಲ. ನೀರಿನಲ್ಲಿ ಇಬ್ಬರ ಬಿಂಬವೂ ಕಾಣುತ್ತಿತ್ತು. ಎಷ್ಟೋ ಹೊತ್ತಾದ ಮೇಲೆ ಆನೆಯೇ ಸುತ್ತು ಹಾಕಿಕೊಂಡು ಬೇರೆ ಕಡೆ ಹೋಗಿ ಕುಡಿಯಿತು. ನನ್ನ ಹೆಂಡತಿ ಅಲ್ಲಿವರೆಗೆ ಕೈಯಲ್ಲಿ ಹಿಡಿದಿದ್ದ ಚಹಾ ತಣ್ಣಗಾಗಿ ಐಸ್ ಆಗಿತ್ತು.

ಸಿಂಹ ಸಿಕ್ಕಿತು, ಮೂರನೇ ದಿನ. ಚಿರತೆ ಕಾಣಲಿಲ್ಲ. ಕಾಡೆಮ್ಮೆ ಎಟೋಶಾದಲ್ಲಿ ಇಲ್ಲ, ಹುಡುಕಬೇಡಿ.

ನಮ್ಮ ಕುನೋಗೆ ಬಂದ ಚೀತಾ ಇಲ್ಲಿಯದೇ ತಾನೆ?

ಹೌದು. 2022ರ ಸೆಪ್ಟೆಂಬರ್ 17ರಂದು ಮಧ್ಯಪ್ರದೇಶದ ಕುನೋಗೆ ಬಂದ ಮೊದಲ ಎಂಟು ಚೀತಾಗಳು ನಮೀಬಿಯಾದವು. ಐದು ಹೆಣ್ಣು, ಮೂರು ಗಂಡು. ಭಾರತದಲ್ಲಿ ಚೀತಾ ಅಳಿದುಹೋಯಿತೆಂದು 1952ರಲ್ಲೇ ಘೋಷಿಸಿದ್ದರು.

ಆಗ ನಮ್ಮ ಟಿವಿಯವರು 'ಚಿರತೆ ಬಂತು' ಅಂತ ಹೇಳಿ ಎಲ್ಲರಿಗೂ ಗೊಂದಲ ಮಾಡಿದ್ದರು. ಚಿರತೆಯ ಮೈಮೇಲೆ ಹೂವಿನಂಥ ಬಳೆಗಳು, ಚೀತಾದ ಮೈಮೇಲೆ ಇಡೀ ಬೊಟ್ಟುಗಳು. ಚೀತಾದ ಕಣ್ಣಿನಿಂದ ಬಾಯಿವರೆಗೆ ಕಾಡಿಗೆ ಇಳಿದ ಹಾಗೆ ಕಪ್ಪು ಗೆರೆ. ನಮೀಬಿಯಾದಲ್ಲಿ ಚೀತಾ ಹೆಚ್ಚಾಗಿ ಇರುವುದು ಪಾರ್ಕುಗಳಲ್ಲಿ ಅಲ್ಲ, ದನ ಸಾಕುವವರ ಜಮೀನುಗಳಲ್ಲಿ. ಪಾರ್ಕಿನಲ್ಲಿ ಸಿಂಹ, ಕತ್ತೆಕಿರುಬ ಅದರ ಬೇಟೆ ಕಿತ್ತುಕೊಳ್ಳುತ್ತವೆ. ಹೊರಗೆ ಬಂದರೆ ಕರು ಹಿಡಿಯುತ್ತದೆ ಅಂತ ರೈತರ ಕೋಪ. ಒಟ್ಜಿವಾರೊಂಗೊ ಊರಿನ ಹತ್ತಿರ ಚೀತಾ ಕನ್ಸರ್ವೇಶನ್ ಫಂಡ್ ಇದೆ, 1990ರಲ್ಲಿ ಲಾರಿ ಮಾರ್ಕರ್ ಶುರು ಮಾಡಿದ್ದು. ಅವರು ರೈತರಿಗೆ ಮಂದೆ ಕಾಯುವ ದೊಡ್ಡ ನಾಯಿಗಳನ್ನು ಸಾಕಿ ಕೊಡುತ್ತಾರೆ. ನಾಯಿ ಬೊಗಳಿದರೆ ಚೀತಾ ಹತ್ತಿರ ಬರುವುದಿಲ್ಲ. ರೈತ ಬಂದೂಕು ಎತ್ತುವುದೂ ತಪ್ಪುತ್ತದೆ. ಎಟೋಶಾದಿಂದ ವಾಪಸ್ ಬರುವಾಗ ಆ ಊರು ದಾರಿಯಲ್ಲೇ ಸಿಗುತ್ತದೆ, ಅಲ್ಲಿಂದ ಪಕ್ಕಕ್ಕೆ ತಿರುಗಿ ನೋಡಿ ಬನ್ನಿ.

ಮರುಭೂಮಿಯ ಆನೆ ಅಂದರೆ ಬೇರೆ ಜಾತಿಯಾ?

ಅಲ್ಲ. ಅದೇ ಆಫ್ರಿಕಾದ ಆನೆ, ಬದುಕುವ ರೀತಿ ಮಾತ್ರ ಬೇರೆ. ಹುಅಬ್, ಹೊಅನಿಬ್, ಉಗಬ್ ಅನ್ನುವ ಒಣ ಹೊಳೆಗಳ ಪಾತ್ರದಲ್ಲಿ ಓಡಾಡುತ್ತವೆ. ಮರಳನ್ನು ಕಾಲಿನಿಂದ, ಸೊಂಡಿಲಿನಿಂದ ಬಗೆದು ಒರತೆ ಮಾಡಿಕೊಂಡು ನೀರು ಕುಡಿಯುತ್ತವೆ. ಆಮೇಲೆ ಅದೇ ಒರತೆಗೆ ಬೇರೆ ಪ್ರಾಣಿಗಳೂ ಬರುತ್ತವೆ. ಟ್ವೈಫೆಲ್‌ಫಾಂಟೇನ್ ಕಡೆಯಿಂದ ಗೈಡ್ ಜೀಪಿನಲ್ಲಿ ಹೋಗಿ, ಒಬ್ಬರೇ ಹೋಗಬೇಡಿ. ಹಾಗೇ ಟ್ವೈಫೆಲ್‌ಫಾಂಟೇನ್‌ನ ಬಂಡೆ ಕೆತ್ತನೆಗಳನ್ನೂ ನೋಡಿ. 2,000ಕ್ಕೂ ಹೆಚ್ಚು ಇವೆ, 2007ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಅಲ್ಲೊಂದು ಸಿಂಹಕ್ಕೆ ಪಂಜದಲ್ಲಿ ಐದು ಬೆರಳು ಕೆತ್ತಿದ್ದಾರೆ, ಮನುಷ್ಯನ ಕೈ ಹಾಗೆ.

ಸ್ಪಿಟ್ಸ್‌ಕೊಪ್ಪೆಯ ಬಗ್ಗೆ ಯಾರೂ ಕೇಳಲ್ಲ, ಆದರೂ ಹೇಳುತ್ತೇನೆ. ಬಟ್ಟಬಯಲಲ್ಲಿ ಎದ್ದ ಕೆಂಪು ಗ್ರಾನೈಟ್ ಬೆಟ್ಟ, ಸುತ್ತ ಉಂಡೆಯಂಥ ಬಂಡೆಗಳು. ಸಂಜೆ ಬಿಸಿಲಿಗೆ ನೋಡಿದರೆ ಹಂಪಿ ನೆನಪಾಗದೆ ಇರುವುದಿಲ್ಲ. ತುಂಗಭದ್ರೆಯನ್ನೂ ಗುಡಿಗಳನ್ನೂ ತೆಗೆದುಬಿಟ್ಟ ಹಂಪಿ.

ಹಿಂಬಾ ಹಳ್ಳಿಗೆ ಹೋಗುವುದು ಸರಿಯಾ? ಅವರನ್ನು ಪ್ರದರ್ಶನಕ್ಕೆ ಇಟ್ಟ ಹಾಗೆ ಆಗಲ್ವಾ?

ಹೇಗೆ ಹೋಗುತ್ತೀರಿ ಅನ್ನುವುದರ ಮೇಲಿದೆ. ಹಿಂಬಾಗಳು ದೇಶದ ವಾಯವ್ಯದ ಕುನೆನೆ ಪ್ರಾಂತ್ಯದವರು. ದನ, ಮೇಕೆ ಸಾಕುವವರು. ಹೆಂಗಸರು ಬೆಣ್ಣೆಗೆ ಕೆಂಪು ಕಲ್ಲಿನ ಪುಡಿ ಕಲಸಿ ಮೈಗೂ ಜಡೆಗೂ ಹಚ್ಚಿಕೊಳ್ಳುತ್ತಾರೆ. ಅದಕ್ಕೆ ಒಟ್ಜಿಜೆ ಅಂತಾರೆ. ನೀರಿನ ಸ್ನಾನದ ಬದಲು ಪರಿಮಳದ ಸೊಪ್ಪು ಸುಟ್ಟು ಹೊಗೆ ತಗೊಳ್ಳುತ್ತಾರೆ. ನಮ್ಮಲ್ಲಿ ಬಾಣಂತಿಗೆ ಸಾಂಬ್ರಾಣಿ ಹೊಗೆ ಹಾಕುವುದು ನೆನಪಾಯಿತು.

ಹಿಂಬಾ ಭಾಷೆ ಬಲ್ಲ ಗೈಡ್ ಇಲ್ಲದೆ ಹೋಗಬೇಡಿ. ಹಳ್ಳಿಯ ನಡುವೆ ಪವಿತ್ರ ಬೆಂಕಿಯ ಜಾಗ ಇರುತ್ತದೆ, ಹಿರಿಯರ ಜೊತೆ ಮಾತಾಡುವ ಜಾಗ ಅದು. ಅದಕ್ಕೂ ಮುಖ್ಯ ಗುಡಿಸಲಿಗೂ ನಡುವೆ ದಾಟಬಾರದು. ಹಿಟ್ಟು, ಸಕ್ಕರೆ, ಎಣ್ಣೆ ತಗೊಂಡು ಹೋಗಿ ಯಜಮಾನರಿಗೆ ಕೊಡಿ. ಮಕ್ಕಳಿಗೆ ಚಾಕಲೇಟ್ ಎರಚಬೇಡಿ. ಮೊದಲು 'ಮೊರೊ' ಅಂತ ನಮಸ್ಕಾರ ಹೇಳಿ, ಕೂತು ಮಾತಾಡಿ, ಆಮೇಲೆ ಕೇಳಿ ಫೋಟೋ ತೆಗೆಯಿರಿ. ನಮ್ಮ ಜೊತೆಗಾರ್ತಿಯ ಕಾಲುಂಗುರ ನೋಡಿ ಅಲ್ಲಿನ ಹೆಂಗಸರು ಇಪ್ಪತ್ತು ನಿಮಿಷ ಪ್ರಶ್ನೆ ಕೇಳಿದರು. ಯಾರು ಹಾಕಿದ್ದು? ತೆಗೆಯಬಹುದಾ? ಗಂಡನಿಗೂ ಇದೆಯಾ? ಅವತ್ತು ನೋಡಲು ಬಂದವರು ಅವರೋ ನಾವೋ ಗೊತ್ತಾಗಲಿಲ್ಲ.

ಹಿಂಬಾಗಳ ಒಡಹುಟ್ಟಿನವರಂಥವರು ಹೆರೆರೊಗಳು, ಭಾಷೆ ಒಂದೇ. ಹೆರೆರೊ ಹೆಂಗಸರು ನೆಲ ಗುಡಿಸುವ ಉದ್ದ ಲಂಗ ತೊಟ್ಟು, ದನದ ಕೊಂಬಿನಾಕಾರದ ಬಟ್ಟೆಯ ಟೋಪಿ ಇಡುತ್ತಾರೆ. ಲಂಗ ಜರ್ಮನ್ ಮಿಷನರಿಗಳ ಕಾಲದ್ದು, ಕೊಂಬು ಅವರದೇ.

ಆಫ್ರಿಕಾದಲ್ಲಿ ಜರ್ಮನ್ ಬೋರ್ಡುಗಳು ಯಾಕೆ?

1884ರಿಂದ 1915ರವರೆಗೆ ಇದು ಜರ್ಮನ್ ವಸಾಹತು. ಸ್ವಾಕೊಪ್ಮಂಡ್‌ನಲ್ಲಿ ಇವತ್ತಿಗೂ ಜರ್ಮನ್ ಬೇಕರಿ, ಜರ್ಮನ್ ಮನೆಗಳು. ನೋಡಲು ಚೆಂದ. ಆದರೆ 1904ರಲ್ಲಿ ಹೆರೆರೊಗಳು ದಂಗೆ ಎದ್ದಾಗ ಜರ್ಮನ್ ಸೈನ್ಯ ಅವರನ್ನು ನೀರಿಲ್ಲದ ಒಮಹೆಕೆ ಮರುಭೂಮಿಗೆ ಅಟ್ಟಿತು. ದಂಡನಾಯಕ ಫಾನ್ ಟ್ರೋಥಾ ಕಂಡಲ್ಲಿ ಕೊಲ್ಲುವ ಆಜ್ಞೆ ಹೊರಡಿಸಿದ. 1908ರವರೆಗೆ ಹತ್ತಾರು ಸಾವಿರ ಹೆರೆರೊ ಮತ್ತು ನಾಮಾ ಜನ ಸತ್ತರು, ಎಷ್ಟೋ ಜನ ಸೆರೆ ಶಿಬಿರಗಳಲ್ಲಿ. ಅದು ನರಮೇಧ ಎಂದು ಜರ್ಮನಿ ಒಪ್ಪಿಕೊಂಡದ್ದು 2021ರಲ್ಲಿ. ಆಮೇಲೆ ದಕ್ಷಿಣ ಆಫ್ರಿಕಾದ ಆಳ್ವಿಕೆ, ವರ್ಣಭೇದ. ಸ್ವಾತಂತ್ರ್ಯ ಬಂದದ್ದು 1990ರ ಮಾರ್ಚ್ 21ರಂದು. ವಿಂಡ್‌ಹುಕ್‌ನಲ್ಲಿ ಕರಿಯರನ್ನು ಎಬ್ಬಿಸಿ ಕಳಿಸಿದ ಬಡಾವಣೆಯ ಹೆಸರು ಕಟುಟುರಾ. 'ನಾವು ಇರಲು ಇಷ್ಟಪಡದ ಜಾಗ' ಅಂತ ಅರ್ಥ. ಒಂದು ಅರ್ಧ ದಿನ ಸ್ಥಳೀಯ ಗೈಡ್ ಜೊತೆ ಅಲ್ಲಿಗೆ ಹೋಗಿ. ಕೇಕ್ ತಿಂದು ಬಂದರೆ ದೇಶ ನೋಡಿದ ಹಾಗಾಗುವುದಿಲ್ಲ.

ಭಾಷೆ ತೊಂದರೆ ಆಗುತ್ತಾ?

ಇಲ್ಲ, ಇಂಗ್ಲಿಷ್ ಅಧಿಕೃತ ಭಾಷೆ. ಆದರೆ ನಾಮಾ, ಡಮಾರಾ ಜನ ಮಾತಾಡುವಾಗ ಕಿವಿಗೊಟ್ಟು ಕೇಳಿ. ಮಾತಿನ ನಡುವೆ ನಾಲಿಗೆಯ ಟಕ್ ಟಕ್ ಸದ್ದುಗಳು. ನಾವು 'ಅಯ್ಯೋ ಪಾಪ' ಅಂತ ಲೊಚಗುಟ್ಟುತ್ತೇವಲ್ಲ, ಎತ್ತು ಹೊಡೆಯುವಾಗ ಕೆನ್ನೆಯ ಪಕ್ಕದಲ್ಲಿ ಸದ್ದು ಮಾಡುತ್ತೇವಲ್ಲ, ಅವೆಲ್ಲ ಅವರಿಗೆ ಅಕ್ಷರಗಳು. ಬಿಡಿಯಾಗಿ ನಮಗೂ ಬರುತ್ತವೆ. ಪದದ ನಡುವೆ ಹಾಕಿ ಅಂದರೆ ನಾಲಿಗೆ ಗಂಟು ಬೀಳುತ್ತದೆ.

ನಾವು ಸಸ್ಯಾಹಾರಿಗಳು. ಉಪವಾಸವೇ ಗತಿಯಾ?

ಮಾಂಸದ ದೇಶ, ಸುಳ್ಳು ಹೇಳಲ್ಲ. ಬೆಂಕಿಯ ಮೇಲೆ ಸುಡುವುದು, ಒಣಗಿಸುವುದು, ಕಟುಟುರಾದ ಬೀದಿಯಲ್ಲಿ ಸುಟ್ಟು ಕೊಡುವ ಕಪಾನಾ, ಎಲ್ಲ ಮಾಂಸವೇ. ಲಾಡ್ಜುಗಳಲ್ಲಿ ಮೊದಲೇ ಹೇಳಿದರೆ ಪಾಸ್ತಾ, ಸೂಪು ಮಾಡುತ್ತಾರೆ. ನಾಲ್ಕನೇ ದಿನಕ್ಕೆ ಬೇಜಾರಾಗುತ್ತದೆ. ಕ್ಯಾಂಪ್ ಗಾಡಿಯಲ್ಲಿ ಒಲೆ, ಪಾತ್ರೆ ಇರುತ್ತವೆ. ಊರುಗಳ ಸೂಪರ್ ಮಾರ್ಕೆಟ್‌ಗಳಲ್ಲಿ ಅಕ್ಕಿ, ತರಕಾರಿ, ಮೊಸರು ಸಿಗುತ್ತವೆ. ನಾವು ಅವಲಕ್ಕಿ, ಚಟ್ನಿಪುಡಿ, ಸಾರಿನ ಪುಡಿ ಒಯ್ದಿದ್ದೆವು. ಸ್ಪಿಟ್ಸ್‌ಕೊಪ್ಪೆಯ ಬಂಡೆಯ ಕೆಳಗೆ ಕೂತು ಉಂಡ ಬಿಸಿ ಅನ್ನ-ಸಾರಿಗೆ ಯಾವ ಲಾಡ್ಜೂ ಸಮ ಇಲ್ಲ.

ಒಂದು ಊಟ ಮಾತ್ರ ಬಿಡಬೇಡಿ. ಉತ್ತರದ ಒವಾಂಬೊ ಜನ ಮಹಾಂಗು ಹಿಟ್ಟಿನಿಂದ ಒಶಿಫಿಮಾ ಮಾಡುತ್ತಾರೆ. ಮಹಾಂಗು ಅಂದರೆ ನಮ್ಮ ಸಜ್ಜೆ. ಕುದಿಯುವ ನೀರಿಗೆ ಹಿಟ್ಟು ಹಾಕಿ ಕೋಲಿನಲ್ಲಿ ತೊಳಸಿ ಗಟ್ಟಿ ಮಾಡುವುದು, ಬೆರಳಲ್ಲಿ ಮುರಿದು ಸೊಪ್ಪಿನ ಗೊಜ್ಜಿಗೆ ಅದ್ದಿ ತಿನ್ನುವುದು. ನಮ್ಮ ಜೊತೆಗಿದ್ದ ಮಂಡ್ಯದವನು ಮೊದಲ ತುತ್ತಿಗೇ ಕಣ್ಣರಳಿಸಿ, 'ಸಜ್ಜೆ ಮುದ್ದೆ ಕಣ್ರೀ ಇದು!' ಅಂದ. ಬಡಿಸುತ್ತಿದ್ದ ಹೆಂಗಸಿಗೆ ಅವನು ರಾಗಿ ಮುದ್ದೆಯ ಫೋಟೋ ತೋರಿಸಿದ. ಆಕೆ ಬಣ್ಣ ನೋಡಿ ನಕ್ಕು, ಒಳಗಿಂದ ಇನ್ನಿಬ್ಬರನ್ನು ಕರೆದು ತೋರಿಸಿದಳು. ಮಳೆಗಾಲದಲ್ಲಿ ಹೋದರೆ ರಸ್ತೆ ಬದಿ ಒಮಜೋವಾ ಮಾರುತ್ತಿರುತ್ತಾರೆ. ಹುತ್ತದ ಬುಡದಲ್ಲಿ ಏಳುವ, ತಟ್ಟೆಯಷ್ಟಗಲದ ಅಣಬೆ. ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ದುಡ್ಡು, ಸಿಮ್, ಪ್ಲಗ್?

ನಮೀಬಿಯಾ ಡಾಲರ್ ಮತ್ತು ದಕ್ಷಿಣ ಆಫ್ರಿಕಾದ ರ‍್ಯಾಂಡ್ ಒಂದಕ್ಕೊಂದು ಸಮ. ಎರಡೂ ಇಲ್ಲಿ ನಡೆಯುತ್ತವೆ. ಇಲ್ಲಿಯ ನೋಟು ಜೊಹಾನ್ಸ್‌ಬರ್ಗ್‌ನಲ್ಲಿ ನಡೆಯಲ್ಲ, ಹೊರಡುವ ಮುಂಚೆ ಖರ್ಚು ಮಾಡಿ. ಖರ್ಚಿನ ದೊಡ್ಡ ಪಾಲು ಗಾಡಿ ಬಾಡಿಗೆ ಮತ್ತು ಪೆಟ್ರೋಲ್. ನಾಲ್ವರು ಹಂಚಿಕೊಂಡರೆ, ಗಾಡಿ ಮೇಲಿನ ಟೆಂಟಿನಲ್ಲಿ ಮಲಗಿದರೆ ತುಂಬಾ ಉಳಿಯುತ್ತದೆ. ಸಿಮ್ ವಿಮಾನ ನಿಲ್ದಾಣದಲ್ಲೇ ತಗೊಳ್ಳಿ, ಊರು ದಾಟಿದರೆ ಸಿಗ್ನಲ್ ಇರಲ್ಲ, ನಕ್ಷೆ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಪ್ಲಗ್ ನಮ್ಮ ಗೀಸರಿನ ದಪ್ಪ ಮೂರು ಪಿನ್ನಿನದು. ಮನೆಯಿಂದಲೇ ಒಂದು ಎಕ್ಸ್‌ಟೆನ್ಷನ್ ಬಾಕ್ಸ್ ತನ್ನಿ.

ಕಳ್ಳತನ, ಸುರಕ್ಷತೆ?

ಹಳ್ಳಿಗಾಡಿನಲ್ಲಿ ಏನೂ ಭಯ ಇಲ್ಲ. ವಿಂಡ್‌ಹುಕ್‌ನಲ್ಲಿ ಕಾರಿನ ಸೀಟಿನ ಮೇಲೆ ಬ್ಯಾಗ್ ಬಿಡಬೇಡಿ, ರಾತ್ರಿ ನಡೆದು ಹೋಗಬೇಡಿ.

ರಾತ್ರಿ ಏನು ಮಾಡೋದು?

ಮೇಲೆ ನೋಡಿ. ಜೂನ್-ಜುಲೈನಲ್ಲಿ ಆಕಾಶಗಂಗೆ ನೆತ್ತಿಯ ಮೇಲೇ ಹಾದು ಹೋಗುತ್ತದೆ. ನಮ್ಮೂರಲ್ಲಿ ದಕ್ಷಿಣದ ಅಂಚಿನಲ್ಲಿ ಕಷ್ಟಪಟ್ಟು ಕಾಣುವ ತ್ರಿಶಂಕು ನಕ್ಷತ್ರಪುಂಜ ಇಲ್ಲಿ ಎತ್ತರದಲ್ಲಿ ನಿಂತಿರುತ್ತದೆ. ನಮೀಬ್‌ರ‍್ಯಾಂಡ್ ಅಭಯಾರಣ್ಯ ಅಧಿಕೃತವಾಗಿಯೇ ಕತ್ತಲ ಆಕಾಶದ ಕಾಯ್ದಿಟ್ಟ ಜಾಗ. ಟಾರ್ಚ್ ಆರಿಸಿ ಇಪ್ಪತ್ತು-ಮೂವತ್ತು ನಿಮಿಷ ಕಾದರೆ ಕಣ್ಣು ಹೊಂದಿಕೊಳ್ಳುತ್ತದೆ.

ಬಾಡಿಗೆ ಗಾಡಿ ವಾಪಸ್ ಕೊಡುವಾಗ ಏನಾದರೂ ಎಚ್ಚರ ಬೇಕಾ?

ಬೇಕು, ನಮಗೆ ಪೆಟ್ಟು ಬಿದ್ದದ್ದೇ ಇಲ್ಲಿ. ವಿಂಡ್‌ಶೀಲ್ಡ್‌ನಲ್ಲಿ ಕಡಲೆಕಾಳಿನಷ್ಟು ಚೂರು ಎದ್ದಿತ್ತು. ಮೊದಲೇ ಇತ್ತು ಅಂತ ನಾವು, ಇರಲಿಲ್ಲ ಅಂತ ಅವರು. ನಮ್ಮ ಹತ್ತಿರ ಫೋಟೋ ಇಲ್ಲ. ಡಿಪಾಸಿಟ್‌ನಲ್ಲಿ ಒಂದು ಭಾಗ ಹೋಯಿತು. ವಿಮೆ ಮಾಡಿಸುವಾಗ ಗಾಜು ಮತ್ತು ಟೈರು ಸೇರಿದೆಯಾ ಅಂತ ಬಾಯಿ ಬಿಟ್ಟು ಕೇಳಿ, ಸಾಮಾನ್ಯವಾಗಿ ಸೇರಿರಲ್ಲ. ಗಾಡಿ ತಗೊಳ್ಳುವಾಗ ಗಾಜು, ಬಂಪರ್, ಐದೋ ಆರೋ ಟೈರು, ಜಾಕ್, ಟೆಂಟಿನ ಜಿಪ್, ಎಲ್ಲವನ್ನೂ ಅವರ ಎದುರಲ್ಲೇ ವೀಡಿಯೋ ಮಾಡಿ. ಅವರ ಹುಡುಗ ಅವಸರ ಮಾಡಿದರೂ ಬಿಡಬೇಡಿ. ಗಾಡಿಯ ಅಡಿಗೂ ಬಗ್ಗಿ ನೋಡಿ.